ಚೆಕ್ಕಿಗೆ ಹೊಣೆ ಯಾರು?

ಪ್ರೌಢಶಾಲೆಯಲ್ಲಿ ನನ್ನ ಬಳಿ ಸಮಾಜ ವಿಜ್ಞಾನ ಓದಿದವರಿಗೆ ಬ್ಯಾಂಕಿನ ಪಾಠ ನೆನಪಿರಬಹುದು. ಕಪ್ಪುಹಲಗೆಯ ಮೇಲೆ ಒಂದು ಆಯತವನ್ನು ಎಳೆದು, ಅದರೊಳಗೆ ದಿನಾಂಕ, ಹೆಸರು, ಮೊತ್ತ, ಸಹಿ ಎಲ್ಲೆಲ್ಲಿ ಬರಬೇಕೆಂದು ತೋರಿಸುತ್ತಿದ್ದೆ. ಚೆಕ್ಕಿಗೆ ಮೂವರು ಸಂಬಂಧಿಗಳು: ಬರೆದುಕೊಟ್ಟವನು, ಅವನ ಬ್ಯಾಂಕು, ಹಣ ಪಡೆಯಬೇಕಾದವನು. ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತಿತ್ತು: "ಸಾರ್, ಬರೆದುಕೊಟ್ಟವನ ಖಾತೆಯಲ್ಲಿ ದುಡ್ಡೇ ಇಲ್ಲದಿದ್ದರೆ?"

ಪಠ್ಯಪುಸ್ತಕ ಆ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿರಲಿಲ್ಲ. ಆದರೆ ವ್ಯಾಪಾರದ ಇತಿಹಾಸದಲ್ಲಿ ಅದು ಸಣ್ಣ ಪ್ರಶ್ನೆಯೇನಲ್ಲ. ಒಂದೊಂದು ದೇಶ ಅದಕ್ಕೆ ಒಂದೊಂದು ಉತ್ತರ ಕಂಡುಕೊಂಡಿತು. ಯುರೋಪಿನವರ ಉತ್ತರ ಅಂಗೈಯಗಲದ ಒಂದು ಕಾರ್ಡು. ನಮ್ಮವರ ಉತ್ತರ ಒಂದು ಕಾಯಿದೆ. ಈ ಎರಡರ ಕಥೆಯನ್ನೂ ಒಟ್ಟಿಗೆ ಹೇಳಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ.

ಮೊದಲು ಮೂಲದ ಮಾತು. ಚೆಕ್ಕು ಹಣವಲ್ಲ. "ಇಂಥವರಿಗೆ ಇಷ್ಟು ಹಣ ಕೊಡತಕ್ಕದ್ದು" ಎಂದು ಖಾತೆದಾರನು ತನ್ನ ಬ್ಯಾಂಕಿಗೆ ಬರೆಯುವ ಆಜ್ಞಾಪತ್ರ ಅದು. ಭಾರತದಲ್ಲಿ ಚೆಕ್ಕು, ಹುಂಡಿ, ಪ್ರಾಮಿಸರಿ ನೋಟುಗಳನ್ನು ಇಂದಿಗೂ ಆಳುತ್ತಿರುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ 1881ರದು. ಅದರ 31ನೆಯ ಕಲಮನ್ನು ಓದಿದರೆ ಒಂದು ವಿಶೇಷ ಕಾಣುತ್ತದೆ. ಖಾತೆಯಲ್ಲಿ ಸಾಕಷ್ಟು ಹಣವಿದ್ದೂ ಬ್ಯಾಂಕು ಚೆಕ್ಕನ್ನು ಮಾನ್ಯ ಮಾಡದಿದ್ದರೆ, ಅದು ನಷ್ಟ ತುಂಬಿಕೊಡಬೇಕಾದುದು ಚೆಕ್ಕು ಬರೆದವನಿಗೆ. ಚೆಕ್ಕನ್ನು ಕೈಯಲ್ಲಿ ಹಿಡಿದು ನಿಂತವನಿಗೂ ಆ ಬ್ಯಾಂಕಿಗೂ ಯಾವ ಕರಾರೂ ಇಲ್ಲ. ಅವನು ನಂಬಿದ್ದು ಬ್ಯಾಂಕಿನ ಹೆಸರು ಅಚ್ಚಾಗಿರುವ ಕಾಗದವನ್ನು. ಆದರೆ ಕಾನೂನಿನ ಕಣ್ಣಿನಲ್ಲಿ ಅವನಿಗೆ ಸಿಕ್ಕಿರುವುದು ಬರೆದುಕೊಟ್ಟವನ ಮಾತು ಮಾತ್ರ.

ನಮ್ಮ ಹಿರಿಯರ ವ್ಯವಹಾರದಲ್ಲಿ ಈ ತೊಡಕು ಅಷ್ಟಾಗಿ ಇರಲಿಲ್ಲ. ಸಂತೆಯಲ್ಲಿ ಕೊಡುವವನೂ ಕೊಳ್ಳುವವನೂ ಪರಸ್ಪರ ಬಲ್ಲವರು. ಬಲ್ಲದಿದ್ದರೆ ನಡುವೆ ಒಬ್ಬ ಜಾಮೀನುದಾರ ನಿಲ್ಲುತ್ತಿದ್ದ. ಹುಂಡಿ ಬರೆಯುತ್ತಿದ್ದ ಸಾಹುಕಾರನ ಹೆಸರೇ ಅದರ ಬೆಲೆ. ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯವರೇ ಆದ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1913ರಲ್ಲಿ, ಬ್ಯಾಂಕ್ ಆಫ್ ಮೈಸೂರು ಸ್ಥಾಪನೆಯಾಯಿತು. ಮುಂದೆ ಅದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಗಿ, 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. 1969ರ ಜುಲೈ 19ರಂದು ಹದಿನಾಲ್ಕು ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣಗೊಂಡ ಮೇಲೆ ಹೋಬಳಿ ಮಟ್ಟದವರೆಗೂ ಶಾಖೆಗಳು ಬಂದವು. ಶಾಖೆಯ ಹಿಂದೆಯೇ ಚೆಕ್ಕು ಬಂದಿತು. ಪರಿಚಯವಿಲ್ಲದವರ ನಡುವೆ ವ್ಯವಹಾರ ಬೆಳೆಯಿತು. ಆದರೆ ಹಳೆಯ ಜಾಮೀನುದಾರನ ಜಾಗದಲ್ಲಿ ಯಾರು ನಿಲ್ಲಬೇಕೆಂಬುದು ಇತ್ಯರ್ಥವಾಗಲಿಲ್ಲ.

ಇದೇ ತೊಡಕು ಇಂಗ್ಲೆಂಡಿನಲ್ಲಿ ಬೇರೆ ರೀತಿಯಲ್ಲಿ ಕಾಣಿಸಿಕೊಂಡಿತು. ಅಲ್ಲಿ 1960ರ ದಶಕದಲ್ಲಿ ಮಾಸಿಕ ಸಂಬಳದವರು ಹೆಚ್ಚು ಹೆಚ್ಚಾಗಿ ಬ್ಯಾಂಕು ಖಾತೆ ತೆರೆಯತೊಡಗಿದ್ದರು. ಕೈಯಲ್ಲಿ ಚೆಕ್ಕುಪುಸ್ತಕವಿದೆ, ಆದರೆ ಗುರುತಿಲ್ಲದ ಊರಿನ ಅಂಗಡಿಯವನು ಚೆಕ್ಕನ್ನು ಮುಟ್ಟುವುದಿಲ್ಲ. ಇದಕ್ಕೆ ಪರಿಹಾರವಾಗಿ ನ್ಯಾಷನಲ್ ಪ್ರೊವಿನ್ಷಿಯಲ್ ಬ್ಯಾಂಕು 1965ರಲ್ಲಿ ತನ್ನ ಗ್ರಾಹಕರಿಗೆ ಚೆಕ್ ಗ್ಯಾರಂಟಿ ಕಾರ್ಡನ್ನು ಕೊಟ್ಟಿತು. ಇತರ ಬ್ಯಾಂಕುಗಳೂ ಅದೇ ದಾರಿ ಹಿಡಿದವು. ಈ ಕಾರ್ಡು ತೋರಿಸಿ ಬರೆದ ಚೆಕ್ಕಿಗೆ 30 ಪೌಂಡುಗಳವರೆಗೆ ಬ್ಯಾಂಕೇ ಹೊಣೆ. ಖಾತೆಯಲ್ಲಿ ಹಣವಿರಲಿ, ಇಲ್ಲದಿರಲಿ, ಅಂಗಡಿಯವನಿಗೆ ಅವನ ಹಣ ಸಿಕ್ಕೇ ಸಿಗುತ್ತದೆ. ಆಮೇಲೆ ಬ್ಯಾಂಕೂ ಗ್ರಾಹಕನೂ ತಮ್ಮ ಲೆಕ್ಕವನ್ನು ತಾವು ಬಗೆಹರಿಸಿಕೊಳ್ಳತಕ್ಕದ್ದು. 31ನೆಯ ಕಲಮು ತೆರೆದಿಟ್ಟ ಕಂದಕಕ್ಕೆ ಆ ಪ್ಲಾಸ್ಟಿಕ್ಕಿನ ತುಂಡು ಒಂದು ಕಾಲುಸೇತುವೆಯಾಯಿತು ಎನ್ನಬಹುದು.

ಇದರ ಷರತ್ತುಗಳು ಸರಳವಾಗಿದ್ದವು. ಚೆಕ್ಕಿಗೆ ಅಂಗಡಿಯವನ ಕಣ್ಣೆದುರೇ ಸಹಿ ಹಾಕಬೇಕು. ಆ ಸಹಿ ಕಾರ್ಡಿನ ಮೇಲಿನ ಸಹಿಗೆ ಹೊಂದಬೇಕು. ಕಾರ್ಡಿನ ಅವಧಿ ಮುಗಿದಿರಬಾರದು. ಅಂಗಡಿಯವನು ಕಾರ್ಡಿನ ಸಂಖ್ಯೆಯನ್ನು ಚೆಕ್ಕಿನ ಬೆನ್ನಿಗೆ ಬರೆದುಕೊಳ್ಳಬೇಕು. ಒಂದು ವ್ಯವಹಾರಕ್ಕೆ ಒಂದೇ ಚೆಕ್ಕು. ಎಲ್ಲಕ್ಕಿಂತ ಮುಖ್ಯವಾದುದು, ಹೀಗೆ ಬರೆದ ಚೆಕ್ಕನ್ನು "ತಡೆಹಿಡಿಯಿರಿ" ಎಂದು ಬ್ಯಾಂಕಿಗೆ ಹೇಳುವ ಹಕ್ಕನ್ನು ಗ್ರಾಹಕ ಬಿಟ್ಟುಕೊಡುತ್ತಿದ್ದ. ಮುಂದೆ ಮಿತಿ 50 ಪೌಂಡಿಗೆ ಏರಿತು. ಕೆಲವು ಕಾರ್ಡುಗಳಲ್ಲಿ 100, 250 ಪೌಂಡುಗಳೂ ಆದವು. ನಕಲು ಮಾಡಲಾಗದಂತೆ ಕಾರ್ಡಿನ ಮೇಲೆ ಷೇಕ್ಸ್‌ಪಿಯರನ ಮುಖವುಳ್ಳ ಮಿನುಗುಚಿತ್ರ ಬಂದಿತು. ಸಾಲ ಕೊಡಲೂಬೇಡ, ಕೊಳ್ಳಲೂಬೇಡ ಎಂದು ನಾಟಕದ ಪಾತ್ರವೊಂದರ ಬಾಯಲ್ಲಿ ಹೇಳಿಸಿದ ಕವಿಯೇ ಜನರ ಚೆಕ್ಕುಗಳಿಗೆ ಸಾಕ್ಷಿಯಾಗಿ ನಿಂತದ್ದನ್ನು ಕಂಡು ನನಗೆ ನಗು ಬರುತ್ತದೆ.

ಇಡೀ ಯುರೋಪಿಗೆ ಇದೇ ಬಗೆಯ ಏರ್ಪಾಡು 1968-69ರಲ್ಲಿ ಯೂರೋಚೆಕ್ ಎಂಬ ಹೆಸರಿನಲ್ಲಿ ಬಂದಿತು. ಜರ್ಮನಿಯವನೊಬ್ಬ ಇಟಲಿಗೆ ಹೋದರೆ, ತನ್ನ ಊರಿನ ಬ್ಯಾಂಕಿನ ಚೆಕ್ಕನ್ನೇ ಕಾರ್ಡಿನೊಂದಿಗೆ ತೋರಿಸಿ ಹಣ ಪಡೆಯಬಹುದಿತ್ತು. ಜರ್ಮನಿಯಲ್ಲಿ ಕೊನೆಕೊನೆಗೆ ಒಂದು ಚೆಕ್ಕಿಗೆ 400 ಮಾರ್ಕುಗಳವರೆಗೆ ಖಾತರಿಯಿತ್ತು. ಅಲ್ಲಿ ಸಾಕ್ಷಿಯಾಗಿ ಬಂದವನು ಸಂಗೀತಗಾರ ಬೀಥೋವನ್.

ಇಂಥ ಖಾತರಿಯನ್ನು ದುರುಪಯೋಗ ಮಾಡುವವರೂ ಇದ್ದರು. ಲಂಡನ್ನಿನ ಒಬ್ಬ ಖಾತೆದಾರನಿಗೆ ಬ್ಯಾಂಕು 100 ಪೌಂಡಿನ ಓವರ್‌ಡ್ರಾಫ್ಟು ಕೊಟ್ಟಿತ್ತು. ಅವನು 1973ರ ಜನವರಿಯ ಒಂದೇ ರಾತ್ರಿ ಜೂಜಿನ ಕ್ಲಬ್ಬೊಂದರಲ್ಲಿ ಕುಳಿತು, ಚೆಕ್ಕುಪುಸ್ತಕದ 25 ಹಾಳೆಗಳನ್ನೂ ತಲಾ 30 ಪೌಂಡಿಗೆ ಬರೆದು ಮುಗಿಸಿದ. ಪ್ರತಿಯೊಂದರ ಹಿಂದೆಯೂ ಕಾರ್ಡಿನ ಸಂಖ್ಯೆಯಿತ್ತು. ಬ್ಯಾಂಕು ಅಷ್ಟನ್ನೂ ತೆರಲೇಬೇಕಾಯಿತು. ಕ್ಲಬ್ಬಿಗೆ ನಷ್ಟವೇ ಆಗಿಲ್ಲವಲ್ಲ, ಹಾಗಿದ್ದರೆ ವಂಚನೆ ಎಲ್ಲಿ ಎಂಬುದು ಅವನ ವಾದ. ಕಾರ್ಡು ತೋರಿಸುವವನು ಅದನ್ನು ಹಾಗೆ ಬಳಸಲು ಬ್ಯಾಂಕಿನ ಅನುಮತಿ ತನಗಿದೆ ಎಂದು ಸೂಚಿಸುತ್ತಾನೆ, ಆ ಸೂಚನೆ ಸುಳ್ಳಾದ್ದರಿಂದ ಇದು ವಂಚನೆಯೇ ಎಂದು 1976ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಮತ್ತೊಂದು ಮೊಕದ್ದಮೆಯಲ್ಲಿ, ಕದ್ದ ಕಾರ್ಡಿನೊಂದಿಗೆ ಕಳ್ಳಸಹಿ ಹಾಕಿದ ಚೆಕ್ಕಿಗೂ ಬ್ಯಾಂಕು ಅಂಗಡಿಯವನಿಗೆ ಹಣ ಕೊಡಬೇಕೆಂದು 1993ರಲ್ಲಿ ಅಲ್ಲಿನ ಅಪೀಲು ನ್ಯಾಯಾಲಯ ಹೇಳಿತು. ಎರಡು ಪ್ರಕರಣಗಳಲ್ಲೂ ಅಂಗಡಿಯವನಿಗೆ ಹಣ ಸಂದಿತ್ತು, ನಷ್ಟ ಬಿದ್ದದ್ದು ಬ್ಯಾಂಕಿನ ಹೆಗಲಿಗೆ ಎಂಬುದನ್ನು ನೀವು ಗಮನಿಸಬೇಕು. ಖಾತೆದಾರನನ್ನು ಆರಿಸಿ ಅವನ ಕೈಗೆ ಚೆಕ್ಕುಪುಸ್ತಕ ಕೊಟ್ಟದ್ದು ಬ್ಯಾಂಕು ತಾನೆ? ಅವನ ಯೋಗ್ಯತೆ ಬಲ್ಲದ್ದೂ ಅದೇ, ನಷ್ಟ ತಾಳಿಕೊಳ್ಳಬಲ್ಲದ್ದೂ ಅದೇ.

ಇನ್ನು ನಮ್ಮ ಸೀಮೆಗೆ ಬರೋಣ. ಗೌರಿಬಿದನೂರಿನ ಅಂಗಡಿಬೀದಿಯಲ್ಲಿ ನಾನು ಅಂಥ ಕಾರ್ಡನ್ನು ಕಂಡದ್ದಿಲ್ಲ. ನಮ್ಮಲ್ಲಿ ಆ ಪ್ರಶ್ನೆಗೆ ಮೊದಲ ಉತ್ತರ ಡಿಮ್ಯಾಂಡ್ ಡ್ರಾಫ್ಟು, ಅಂದರೆ ಡಿಡಿ. "ಮೊದಲು ಹಣ ಕಟ್ಟು, ಆಮೇಲೆ ಕಾಗದ" ಎಂಬುದು ಅದರ ತತ್ತ್ವ. ಕಾಲೇಜಿನ ಅರ್ಜಿ, ಪರೀಕ್ಷೆಯ ಶುಲ್ಕ, ಕೆಲಸದ ಅರ್ಜಿ, ಎಲ್ಲಕ್ಕೂ ಡಿಡಿ ಲಗತ್ತಿಸಬೇಕಿತ್ತು. ನಿಮ್ಮಲ್ಲಿ ಎಷ್ಟೋ ಮಂದಿ ಕೊನೆಯ ದಿನಾಂಕದ ಹಿಂದಿನ ದಿನ ಬ್ಯಾಂಕಿನ ಸಾಲಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ನಿಂತದ್ದನ್ನು ನಾನೇ ಕಂಡಿದ್ದೇನೆ. ಕಮಿಷನ್ನೂ ನಮ್ಮದೇ, ಕಾಯುವಿಕೆಯೂ ನಮ್ಮದೇ. ಪರಸ್ಥಳದ ಚೆಕ್ಕಿನ ಪಾಡು ಇನ್ನೊಂದು ಬಗೆ. ಹಿಂದೂಪುರ ನಮಗೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಹುಣಿಸೆಹಣ್ಣು, ಬೆಲ್ಲದ ವ್ಯಾಪಾರಕ್ಕೆ ನಮ್ಮವರು ದಿನವೂ ಹೋಗಿಬರುತ್ತಿದ್ದರು. ಆದರೆ ಅಲ್ಲಿನ ಬ್ಯಾಂಕಿನ ಚೆಕ್ಕನ್ನು ಇಲ್ಲಿ ಹಾಕಿದರೆ ಅದು ಅಂಚೆಯಲ್ಲಿ ಹೋಗಿ, ಮರಳಿ ಒಪ್ಪಿಗೆ ಬರುವವರೆಗೆ ವಾರಗಟ್ಟಲೆ ಕಾಯಬೇಕಿತ್ತು. ಇಂಥ ಕಾರಣಗಳಿಂದ ನಮ್ಮ ಭಾಗದ ವ್ಯಾಪಾರಿಗಳಿಗೆ ನೋಟಿನ ಕಟ್ಟಿನ ಮೇಲೆ ಇದ್ದ ನಂಬಿಕೆ ಚೆಕ್ಕಿನ ಮೇಲೆ ಬರಲಿಲ್ಲ.

ಎರಡನೆಯ ಉತ್ತರ ನಮ್ಮ ಜಿಲ್ಲೆಯದೇ ಆದದ್ದು, ನನಗೆ ಬಹಳ ಮೆಚ್ಚುಗೆಯಾದದ್ದು. ರೇಷ್ಮೆಗೂಡನ್ನು ರಾಗಿಯಂತೆ ಕಣಜದಲ್ಲಿ ಇಟ್ಟು ಬೆಲೆ ಬಂದಾಗ ಮಾರಲು ಆಗುವುದಿಲ್ಲ. ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ಪತಂಗ ಗೂಡನ್ನು ಕೊರೆದು ಹೊರಬರುತ್ತದೆ. ಕೊರೆದ ಗೂಡಿನಿಂದ ಎಳೆ ಬಿಚ್ಚಲಾಗದು. ಆದ್ದರಿಂದ ಗೂಡು ಬಿಡಿಸಿದ ರೈತನಿಗೆ ಚೌಕಾಸಿ ಮಾಡುತ್ತಾ ಕೂರಲು ವ್ಯವಧಾನವಿಲ್ಲ. ಅವನ ಈ ಅಸಹಾಯಕತೆಯನ್ನು ಬಲ್ಲ ಸರ್ಕಾರ, 1959ರ ರೇಷ್ಮೆ ಕಾಯಿದೆ ಮತ್ತು ಅದರ ನಿಯಮಗಳ ಮೂಲಕ ಗೂಡಿನ ವ್ಯಾಪಾರವನ್ನು ಸರ್ಕಾರಿ ಮಾರುಕಟ್ಟೆಗಳಿಗೆ ತಂದಿತು. ಶಿಡ್ಲಘಟ್ಟದ ಮಾರುಕಟ್ಟೆ ನಾಡಿನ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿ ಹರಾಜು ಬಹಿರಂಗ, ತೂಕ ಬಹಿರಂಗ. ರೀಲರು ಹಣವನ್ನು ಮಾರುಕಟ್ಟೆಯ ಕಚೇರಿಗೆ ಕಟ್ಟಬೇಕು. ರೈತನಿಗೆ ಹಣ ಸಲ್ಲುವುದು ಮಾರುಕಟ್ಟೆಯ ಮೂಲಕ. ರೈತನು ರೀಲರಿನ ಮುಖ ನೋಡಿ ನಂಬಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಬ್ಯಾಂಕು ನಿಂತ ಜಾಗದಲ್ಲಿ ಇಲ್ಲಿ ಮಾರುಕಟ್ಟೆಯ ಕಚೇರಿ ನಿಂತಿತು. ಇತ್ತೀಚಿನ ವರ್ಷಗಳಲ್ಲಿ ಹಣ ರೈತನ ಬ್ಯಾಂಕು ಖಾತೆಗೇ ಸಂದಾಯವಾಗುವ ಏರ್ಪಾಡು ಬಂದಿದೆ.

ಮೂರನೆಯ ಉತ್ತರವೇ ಕಾಯಿದೆ. 1988ರಲ್ಲಿ ಸಂಸತ್ತು 1881ರ ಕಾಯಿದೆಗೆ ಹೊಸ ಅಧ್ಯಾಯವೊಂದನ್ನು ಸೇರಿಸಿತು; 1989ರ ಏಪ್ರಿಲ್ 1ರಿಂದ 138ನೆಯ ಕಲಮು ಜಾರಿಗೆ ಬಂದಿತು. ಸಾಲ ತೀರಿಸಲು ಕೊಟ್ಟ ಚೆಕ್ಕು ಹಣ ಸಾಲದೆ ಮರಳಿದರೆ ಅದು ಅಪರಾಧ. ಒಂದು ವರ್ಷದವರೆಗೆ ಸೆರೆವಾಸ, ಅಥವಾ ಚೆಕ್ಕಿನ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಆದರೆ ಅದಕ್ಕೆ ಮೆಟ್ಟಿಲುಗಳಿದ್ದವು: ಬ್ಯಾಂಕಿನ ಹಿಂಬರಹ ಕೈಸೇರಿದ 15 ದಿನಗಳೊಳಗೆ ಲಿಖಿತ ನೋಟಿಸು ಕೊಡಬೇಕು; ಅದು ತಲುಪಿದ 15 ದಿನಗಳೊಳಗೆ ಆತ ಹಣ ಕೊಡದಿದ್ದರೆ, ಮುಂದಿನ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಕೊಡಬೇಕು.

ಈ ಮೆಟ್ಟಿಲುಗಳು ಹಳ್ಳಿಯವನಿಗೆ ಎಷ್ಟು ಕಡಿದೆಂಬುದನ್ನು ನಾನು ಕಂಡದ್ದು 1994ರಲ್ಲಿ. ನನ್ನ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನ ತಂದೆ ರೇಷ್ಮೆ ಬೆಳೆಗಾರರು. ಆ ಬೇಸಿಗೆಯಲ್ಲಿ ಒಬ್ಬ ರೀಲರು ಮನೆಬಾಗಿಲಿಗೇ ಬಂದು, ಮಾರುಕಟ್ಟೆಗಿಂತ ಕೆಜಿಗೆ ಎರಡು ರೂಪಾಯಿ ಹೆಚ್ಚು ಕೊಡುವೆನೆಂದು ಗೂಡನ್ನೆಲ್ಲ ಒಯ್ದು, ಸುಮಾರು ಹದಿನಾಲ್ಕು ಸಾವಿರಕ್ಕೆ ಚೆಕ್ಕು ಬರೆದುಕೊಟ್ಟಿದ್ದ. ಚೆಕ್ಕು ಮರಳಿತು. ಅದರೊಂದಿಗೆ ಬಂದ ಇಂಗ್ಲಿಷಿನ ಚೀಟಿಯನ್ನು ಅವರು ರಸೀದಿಯೆಂದು ತಿಳಿದು ದೇವರ ಪಟದ ಹಿಂದೆ ಜೋಪಾನವಾಗಿ ಇಟ್ಟಿದ್ದರು. ಅದನ್ನು ನನ್ನ ಬಳಿ ತಂದದ್ದು ಇಪ್ಪತ್ತಮೂರನೆಯ ದಿನ. "ಖಾತೆಯಲ್ಲಿ ಹಣ ಸಾಲದು" ಎಂದು ಓದಿ ಹೇಳಿದಾಗ ಅವರು ಏನೂ ಮಾತನಾಡಲಿಲ್ಲ. ಚೀಟಿಯನ್ನು ತಿರುಗಿಸಿ ಹಿಂಬದಿಯಲ್ಲಿ ಏನಾದರೂ ಬರೆದಿದೆಯೇ ಎಂದು ನೋಡಿದರು.

ನೋಟಿಸಿನ ಅವಧಿ ಮುಗಿದಿತ್ತು. ಪರಿಚಯದ ವಕೀಲರೊಬ್ಬರು ದಾರಿ ತೋರಿಸಿದರು: ಚೆಕ್ಕಿಗೆ ಇನ್ನೂ ಆರು ತಿಂಗಳು ತುಂಬಿಲ್ಲ, ನೋಟಿಸನ್ನೂ ಇನ್ನೂ ಕೊಟ್ಟಿಲ್ಲ, ಆದ್ದರಿಂದ ಅದನ್ನು ಮತ್ತೆ ಬ್ಯಾಂಕಿಗೆ ಹಾಕಿ, ಮತ್ತೆ ಮರಳಿದರೆ ಹೊಸ ಚೀಟಿಯ ದಿನಾಂಕದಿಂದ ಎಣಿಸೋಣ ಎಂದರು. ಹಾಗೆಯೇ ಮಾಡಿದೆವು. ಚೆಕ್ಕು ಮತ್ತೆ ಮರಳಿತು, ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಹೋಯಿತು. ಹದಿಮೂರನೆಯ ದಿನ ರೀಲರು ಪೂರ್ತಿ ಹಣವನ್ನು ಮಧ್ಯವರ್ತಿಯ ಕೈಯಲ್ಲಿ ಕಳುಹಿಸಿದ. ಕಾಯಿದೆ ತನ್ನ ಕೆಲಸ ಮಾಡಿತು. ಆದರೆ ಅಷ್ಟರಲ್ಲಿ ಡಿಪ್ಲೊಮಾ ಪ್ರವೇಶದ ದಿನಾಂಕ ದಾಟಿತ್ತು. ಒಳ್ಳೆಯ ಅಂಕ ಪಡೆದಿದ್ದ ಹುಡುಗ ಒಂದು ವರ್ಷ ಮನೆಯಲ್ಲೇ ಹಿಪ್ಪುನೇರಳೆ ಸೊಪ್ಪು ಕೊಯ್ದ. ಮರುವರ್ಷ ಸೇರಿ ಓದಿ, ಈಗ ಒಳ್ಳೆಯ ಸ್ಥಿತಿಯಲ್ಲಿದ್ದಾನೆ; ನಾನು ಬರೆದದ್ದನ್ನೆಲ್ಲ ಓದುವವರಲ್ಲಿ ಅವನೂ ಒಬ್ಬ. ಆ ಒಂದು ವರ್ಷದ ಲೆಕ್ಕ ಮಾತ್ರ ಯಾವ ಕಲಮಿನಲ್ಲೂ ಬರುವುದಿಲ್ಲ.

ಕಾರ್ಡಿಗೂ ಕಾಯಿದೆಗೂ ಇರುವ ಅಂತರ ಇದೇ. ಕಾರ್ಡು ಹಣವನ್ನು ಮೊದಲು ಕೊಡಿಸಿ, ಜಗಳವನ್ನು ಬ್ಯಾಂಕಿಗೂ ಗ್ರಾಹಕನಿಗೂ ಬಿಡುತ್ತಿತ್ತು. ಕಾಯಿದೆ ಹಣ ಬಾರದವನ ಕೈಗೆ ಒಂದು ಮೊಕದ್ದಮೆಯನ್ನು ಕೊಡುತ್ತದೆ. ವಕೀಲರ ಶುಲ್ಕ, ಬಸ್ಸಿನ ಖರ್ಚು, ಕಳೆದ ಕೂಲಿ ಎಲ್ಲವೂ ಅವನದೇ. 2002ರ ತಿದ್ದುಪಡಿ ಶಿಕ್ಷೆಯನ್ನು ಎರಡು ವರ್ಷಕ್ಕೂ, ನೋಟಿಸಿನ ಅವಧಿಯನ್ನು 30 ದಿನಗಳಿಗೂ ಹೆಚ್ಚಿಸಿತು. 2018ರ ತಿದ್ದುಪಡಿಯಂತೆ ವಿಚಾರಣೆ ನಡೆಯುತ್ತಿರುವಾಗಲೇ ಮೊತ್ತದ ಶೇಕಡಾ 20ರವರೆಗೆ ಮಧ್ಯಂತರ ಪರಿಹಾರ ಕೊಡಿಸಬಹುದು. ಆದರೂ 2019ರ ಕೊನೆಗೆ ದೇಶದ ನ್ಯಾಯಾಲಯಗಳಲ್ಲಿ ಬಾಕಿಯಿದ್ದ 2.31 ಕೋಟಿ ಕ್ರಿಮಿನಲ್ ಪ್ರಕರಣಗಳಲ್ಲಿ 35.16 ಲಕ್ಷ ಚೆಕ್ಕಿನವೇ ಎಂದು ಸುಪ್ರೀಂ ಕೋರ್ಟು ತನ್ನ 2021ರ ಆದೇಶದಲ್ಲಿ ದಾಖಲಿಸಿದೆ. ಭಯವು ಖಾತರಿಯ ಕೆಲಸವನ್ನು ಪೂರ್ತಿಯಾಗಿ ಮಾಡಲಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಈ ಕಾಯಿದೆಯಿಂದ ಯಾರೂ ನಿರೀಕ್ಷಿಸದ ಇನ್ನೊಂದು ಬೆಳವಣಿಗೆಯಾಯಿತು. ಯುರೋಪಿನಲ್ಲಿ ಚೆಕ್ಕಿಗೆ ಖಾತರಿ ಬೇಕಿತ್ತು. ನಮ್ಮಲ್ಲಿ ಚೆಕ್ಕೇ ಖಾತರಿಯಾಗಿ ಕುಳಿತಿತು. ಕೈಸಾಲ ಕೊಡುವವರು, ಚೀಟಿ ನಡೆಸುವವರು, ಫೈನಾನ್ಸಿನವರು "ಭದ್ರತೆಗೆ" ಎಂದು ಸಹಿ ಹಾಕಿದ ಖಾಲಿ ಚೆಕ್ಕುಗಳನ್ನು ಮೊದಲೇ ತೆಗೆದಿಟ್ಟುಕೊಳ್ಳುವುದು ನಮ್ಮ ತಾಲ್ಲೂಕುಗಳಲ್ಲಿ ಮಾಮೂಲಿ ಪದ್ಧತಿಯಾಯಿತು. ಇದರ ಅಪಾಯವನ್ನು ನಮ್ಮ ಕರ್ನಾಟಕದ್ದೇ ಒಂದು ಪ್ರಕರಣ ತೋರಿಸುತ್ತದೆ. ರಂಗಪ್ಪ ವಿರುದ್ಧ ಶ್ರೀ ಮೋಹನ್ ಎಂಬ ಆ ಮೊಕದ್ದಮೆಯಲ್ಲಿ ಇದ್ದದ್ದು 45,000 ರೂಪಾಯಿಯ ಒಂದು ಚೆಕ್ಕು. ಸಹಿ ಮಾಡಿದ ಖಾಲಿ ಚೆಕ್ಕು ಕಳೆದುಹೋಗಿತ್ತು ಎಂಬುದು ಆರೋಪಿಯ ವಾದ. ಸಹಿ ತನ್ನದೆಂದು ಒಪ್ಪಿದ ಮೇಲೆ ಸಾಲವಿತ್ತೆಂದೇ ನ್ಯಾಯಾಲಯ ಭಾವಿಸಬೇಕು, ಇರಲಿಲ್ಲವೆಂದು ನಂಬುವಂತೆ ತೋರಿಸುವ ಭಾರ ಸಹಿ ಮಾಡಿದವನದು ಎಂದು 2010ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ತಾನಾಗಿ ಸಹಿ ಮಾಡಿಕೊಟ್ಟ ಖಾಲಿ ಚೆಕ್ಕಿಗೂ ಇದೇ ನಿಯಮವೆಂದು 2019ರಲ್ಲಿ ಮತ್ತೊಂದು ತೀರ್ಪು ಬಂದಿದೆ. ಖಾಲಿ ಚೆಕ್ಕಿಗೆ ಸಹಿ ಹಾಕುವುದೆಂದರೆ ಮನೆಯ ಬೀಗದ ಕೈಯನ್ನು ದಾರಿಹೋಕನ ಕೈಗಿಟ್ಟಂತೆ.

ಯುರೋಪಿನ ಕಾರ್ಡುಗಳ ಕಥೆ ಮುಗಿದದ್ದೂ ಕುತೂಹಲಕರ. ಅಂಗಡಿಯ ಯಂತ್ರವೇ ಕ್ಷಣಮಾತ್ರದಲ್ಲಿ ಬ್ಯಾಂಕನ್ನು ಕೇಳಿ ಉತ್ತರ ತರುವಂತಾದ ಮೇಲೆ, ಕಾಗದಕ್ಕೆ ಜಾಮೀನು ನಿಲ್ಲುವ ಕಾರ್ಡು ಬೇಕಾಗಲಿಲ್ಲ. ಯೂರೋಚೆಕ್ಕಿನ ಖಾತರಿ 2001ರ ಕೊನೆಗೆ ನಿಂತಿತು. ಬ್ರಿಟನ್ನಿನ ಯೋಜನೆ 2011ರ ಜೂನ್ 30ರಂದು ಮುಗಿಯಿತು. ಅಲ್ಲಿ ಚೆಕ್ಕನ್ನೇ 2018ರೊಳಗೆ ನಿಲ್ಲಿಸಿಬಿಡುವ ಆಲೋಚನೆಯೂ ನಡೆದಿತ್ತು. ವೃದ್ಧರ ಪರವಾಗಿಯೂ ದತ್ತಿಸಂಸ್ಥೆಗಳಿಂದಲೂ ಆಕ್ಷೇಪ ಬಂದು, ಅದೇ 2011ರ ಜುಲೈಯಲ್ಲಿ ಆ ಆಲೋಚನೆ ಕೈಬಿಟ್ಟಿತು.

ನಮ್ಮಲ್ಲಿ 2016ರಲ್ಲಿ ಯುಪಿಐ ಬಂದಿತು. ಇಂದು ನಮ್ಮ ಬಸ್‌ಸ್ಟ್ಯಾಂಡಿನ ಎಳನೀರಿನವನು ಗಿರಾಕಿಯ ಮುಖ ನೋಡುವುದಿಲ್ಲ. ಪೆಟ್ಟಿಗೆಯಿಂದ ಬರುವ ದನಿಗೆ ಕಿವಿಗೊಡುತ್ತಾನೆ. ಹಣ ಬಂದ ಮೇಲೆಯೇ ಆ ಪೆಟ್ಟಿಗೆ ನುಡಿಯುವುದರಿಂದ "ಖಾತೆಯಲ್ಲಿ ದುಡ್ಡೇ ಇಲ್ಲದಿದ್ದರೆ" ಎಂಬ ಪ್ರಶ್ನೆ ಅವನಿಗೆ ಹುಟ್ಟುವುದಿಲ್ಲ. ಚೆಕ್ಕಿನ ವ್ಯವಸ್ಥೆಯೂ ಚುರುಕಾಗಿದೆ. 2012ರ ಏಪ್ರಿಲ್ 1ರಿಂದ ಚೆಕ್ಕು, ಡಿಡಿಗಳ ಆಯುಸ್ಸು ಆರರಿಂದ ಮೂರು ತಿಂಗಳಿಗೆ ಇಳಿಯಿತು. 2021ರ ಜನವರಿಯಿಂದ 50,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಚೆಕ್ಕುಗಳ ವಿವರವನ್ನು ಬರೆದವನು ಬ್ಯಾಂಕಿಗೆ ಮುಂಚಿತವಾಗಿ ತಿಳಿಸುವ ಪಾಸಿಟಿವ್ ಪೇ ಏರ್ಪಾಡಾಯಿತು. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳು ದಿನವಿಡೀ ತೀರುವಳಿಯಾಗುತ್ತಾ, ಹಣ ಬಂತೋ ಇಲ್ಲವೋ ಎಂಬುದು ಅದೇ ದಿನ ತಿಳಿಯುವಂತಾಯಿತು. ಆದರೆ ಇವುಗಳಲ್ಲಿ ಯಾವುದೂ ಖಾತೆಯಲ್ಲಿ ಹಣವಿದೆಯೆಂದು ಭರವಸೆ ಕೊಡುವುದಿಲ್ಲ. ಕಳ್ಳಚೆಕ್ಕನ್ನು ಹಿಡಿಯಬಹುದು, ಕೆಟ್ಟ ಸುದ್ದಿಯನ್ನು ಬೇಗ ತಿಳಿಸಬಹುದು, ಅಷ್ಟೆ. 31ನೆಯ ಕಲಮು ಇದ್ದಲ್ಲಿಯೇ ಇದೆ.

ಆದಕಾರಣ, ನಿವೃತ್ತನಾದರೂ ಪಾಠ ಹೇಳುವ ಚಾಳಿ ಬಿಡದ ನನ್ನ ಎರಡು ಮಾತುಗಳನ್ನು ಕೇಳಿ. ಚೆಕ್ಕು ಮರಳಿದರೆ ಬ್ಯಾಂಕಿನ ಚೀಟಿ ಕೈಸೇರಿದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ಅಲ್ಲಿಂದ 30 ದಿನಗಳೊಳಗೆ ನೋಟಿಸು ಹೋಗಬೇಕು. ಎಷ್ಟೇ ಆಪ್ತರು ಕೇಳಿದರೂ ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಊರಿನಲ್ಲಿ ರೇಷ್ಮೆ ಬೆಳೆಯುವ ನಿಮ್ಮ ತಂದೆತಾಯಿಗಳಿಗೂ ಅಣ್ಣತಮ್ಮಂದಿರಿಗೂ ಇದನ್ನು ಓದಿ ಹೇಳಿ. ಕೆಜಿಗೆ ಎರಡು ರೂಪಾಯಿ ಕಡಿಮೆಯಾದರೂ ಗೂಡು ಮಾರುಕಟ್ಟೆಯ ತಕ್ಕಡಿಯ ಮೇಲೆಯೇ ತೂಗಲಿ. ಡಿಡಿಯ ಸಾಲಿನಲ್ಲಿ ನಿಂತ ನಿಮ್ಮ ನೆನಪುಗಳಿದ್ದರೆ, ಅಥವಾ ಹೊರದೇಶದಲ್ಲಿರುವವರು ಆ ಷೇಕ್ಸ್‌ಪಿಯರನ ಕಾರ್ಡನ್ನು ಕಣ್ಣಾರೆ ಕಂಡಿದ್ದರೆ, ನನಗೆ ಎರಡು ಸಾಲು ಬರೆಯಿರಿ.